ಅಡ್ಡ ಎಷ್ಟು, ಮೇಲೆ ಎಷ್ಟು: ನಿರ್ದೇಶಾಂಕ ರೇಖಾಗಣಿತ ಕಲಿಯುವ ಒಂದು ದಾರಿ

ನಾನು ಪರವಾನಗಿ ಪಡೆದ ಭೂಮಾಪಕ. ಹಾವೇರಿ ಸುತ್ತಲಿನ ಹಳ್ಳಿಗಳಲ್ಲಿ ಹೊಲ ಅಳೆಯುವುದು ನನ್ನ ಕಸುಬು. ಸಂಜೆ ಓಣಿಯ ಹೈಸ್ಕೂಲ್ ಮಕ್ಕಳಿಗೆ ಮನೆಯಲ್ಲೇ ಗಣಿತ ಹೇಳಿಕೊಡುತ್ತೇನೆ. ಅವರ ಪುಸ್ತಕದಲ್ಲಿ ನನ್ನ ಕಸುಬಿಗೆ ತೀರಾ ಹತ್ತಿರವಾದ ಪಾಠ ನಿರ್ದೇಶಾಂಕ ರೇಖಾಗಣಿತ, ಅಂದರೆ ಒಂದು ಬಿಂದು ಇರುವ ಜಾಗವನ್ನು ಎರಡು ಸಂಖ್ಯೆಯಲ್ಲಿ ಹೇಳುವ ಗಣಿತ. ಅದನ್ನು ಮಕ್ಕಳು ಬರೀ ಸೂತ್ರ ಬಾಯಿಪಾಠ ಮಾಡಿ ದಾಟುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದೂರ ಸೂತ್ರ ಒಂದು, ಮಧ್ಯಬಿಂದು ಸೂತ್ರ ಒಂದು, ಭಾಗಪ್ರಮಾಣ ಸೂತ್ರ ಇನ್ನೊಂದು. ಪಿಯುಸಿಗೆ ಹೋದರೆ ಇಳಿಜಾರಿನ ಸೂತ್ರವೂ ಸೇರುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ?

ಸಂಬಂಧ ಇದೆ. ಇವೆಲ್ಲದರ ಒಳಗೆ ಇರುವುದು ಎರಡೇ ಸಂಖ್ಯೆ. ಒಂದು ಬಿಂದುವಿನಿಂದ ಇನ್ನೊಂದು ಬಿಂದುವಿಗೆ ಹೋಗಬೇಕಾದರೆ ಅಡ್ಡ ಎಷ್ಟು ನಡೆಯಬೇಕು, ಮೇಲೆ ಎಷ್ಟು ನಡೆಯಬೇಕು, ಅಷ್ಟೇ. ಮಕ್ಕಳಿಗೆ ನಾನು ಇವನ್ನು ಅಡ್ಡನಡೆ, ಮೇಲ್ನಡೆ ಅಂತ ಹೇಳಿಕೊಡುತ್ತೇನೆ. ಪುಸ್ತಕದಲ್ಲಿ ಈ ಹೆಸರು ಸಿಗುವುದಿಲ್ಲ, ಪರೀಕ್ಷೆಯಲ್ಲೂ ಬರೆಯಬೇಡಿ. ಆದರೆ ಯಾವ ಲೆಕ್ಕ ಬಂದರೂ ಮೊದಲು ಈ ಎರಡನ್ನು ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳಿ. ಮುಂದಿನದು ತಾನಾಗಿ ಬರುತ್ತದೆ.

ಶುರು ಮಾಡುವುದು ಹೇಗೆ

ಒಂದು ಗ್ರಾಫ್ ಪುಸ್ತಕ, ಚೂಪು ಪೆನ್ಸಿಲ್, ಒಂದು ಸ್ಕೇಲ್ ಸಾಕು. ಮೊದಲ ಕೆಲವು ದಿನ ಸೂತ್ರದ ಕಡೆ ನೋಡಲೇಬೇಡಿ. ಬರೀ ಬಿಂದು ಗುರುತಿಸಿ. ಹಾಳೆಯ ನಡುವೆ ಅಡ್ಡ ಒಂದು ಗೆರೆ, ಅದು ಎಕ್ಸ್-ಅಕ್ಷ. ಅದಕ್ಕೆ ಲಂಬವಾಗಿ ಇನ್ನೊಂದು, ಅದು ವೈ-ಅಕ್ಷ. ಎರಡೂ ಸೇರುವ ಜಾಗ ಮೂಲಬಿಂದು, (0, 0). ಎರಡೂ ಅಕ್ಷಗಳಲ್ಲಿ 1 ಸೆಂ.ಮೀ.ಗೆ 1 ಮಾನ ಇಟ್ಟುಕೊಳ್ಳಿ. ಒಂದು ಅಕ್ಷಕ್ಕೆ ಒಂದು ಅಳತೆ, ಇನ್ನೊಂದಕ್ಕೆ ಬೇರೆ ಅಳತೆ ಇಟ್ಟರೆ ಚೌಕ ಆಯತದಂತೆ ಕಾಣುತ್ತದೆ, ಲಂಬಕೋನ ಓರೆಯಾಗಿ ಕಾಣುತ್ತದೆ. ಕಲಿಯುವಾಗ ಈ ಗೊಂದಲ ಬೇಡ.

ಈಗ (3, −2) ಅನ್ನು ಗುರುತಿಸಬೇಕು ಅಂತಿಟ್ಟುಕೊಳ್ಳಿ. ಪೆನ್ಸಿಲ್ ತುದಿಯನ್ನು ಮೂಲಬಿಂದುವಿನ ಮೇಲಿಡಿ. ಬಾಯಲ್ಲಿ ಹೇಳುತ್ತಾ ಸರಿಸಿ: "ಬಲಕ್ಕೆ ಮೂರು, ಕೆಳಕ್ಕೆ ಎರಡು." ಜೋರಾಗಿಯೇ ಹೇಳಿ. ಮೊದಲ ಸಂಖ್ಯೆ ಯಾವಾಗಲೂ ಅಡ್ಡ, ಎರಡನೆಯದು ಯಾವಾಗಲೂ ಮೇಲೆ ಅಥವಾ ಕೆಳಗೆ. (3, −2) ಬೇರೆ, (−2, 3) ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ ಗುರುತಿಸಿ ನೋಡಿ, ಎಷ್ಟು ದೂರದೂರ ಇವೆ ಅಂತ ಕಣ್ಣಿಗೇ ಕಾಣುತ್ತದೆ.

ಅಕ್ಷದ ಮೇಲೇ ಇರುವ ಬಿಂದುಗಳಲ್ಲಿ ಮಕ್ಕಳು ತುಂಬಾ ಎಡವುತ್ತಾರೆ. ಎಕ್ಸ್-ಅಕ್ಷದ ಮೇಲಿನ ಬಿಂದು ಅಂದಕೂಡಲೇ (0, 5) ಅಂತ ಬರೆದುಬಿಡುತ್ತಾರೆ. ಎಕ್ಸ್-ಅಕ್ಷದ ಮೇಲೆ ನಿಂತವನು ಮೇಲಕ್ಕೂ ಹೋಗಿಲ್ಲ, ಕೆಳಕ್ಕೂ ಇಳಿದಿಲ್ಲ. ಹಾಗಾಗಿ ಎರಡನೆಯ ಸಂಖ್ಯೆ ಸೊನ್ನೆ. ಅದು (5, 0). ಹತ್ತನೇ ತರಗತಿಯಲ್ಲಿ ಇದರ ಮೇಲೆ ದೊಡ್ಡ ಲೆಕ್ಕಗಳೇ ನಿಲ್ಲುತ್ತವೆ, ಮುಂದೆ ತೋರಿಸುತ್ತೇನೆ.

ಮನೆಯವರಿಗೆ ಒಂದು ಮಾತು. ನಿಮಗೆ ಗಣಿತ ಬರದಿದ್ದರೂ ಈ ಹಂತದಲ್ಲಿ ಸಹಾಯ ಮಾಡಬಹುದು. ಮಗು ಗುರುತಿಸಿದ ಯಾವುದೋ ಬಿಂದು ತೋರಿಸಿ, "ಇಲ್ಲಿಗೆ ಹೇಗೆ ಬಂದೆ?" ಅಂತ ಕೇಳಿ. "ಎಡಕ್ಕೆ ನಾಲ್ಕು, ಮೇಲೆ ಒಂದು" ಅಂತ ತಡವರಿಸದೆ ಹೇಳಿದರೆ ಪಾಠ ಹತ್ತಿದೆ ಅಂತ ಅರ್ಥ.

ಒಂದು ಹೊಲ ಅಳೆಯೋಣ

ನಮ್ಮ ಕಡೆಯ ಹಳೆಯ ಅಳತೆಯ ಸರಪಳಿ 33 ಅಡಿ ಉದ್ದ. ಅದನ್ನು 16 ಸಮ ಭಾಗ ಮಾಡಿದರೆ ಒಂದೊಂದು ಭಾಗ ಒಂದು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಅಂದರೆ 33 × 33 = 1,089 ಚದರ ಅಡಿ. ಅದೇ ಒಂದು ಗುಂಟೆ. ಅಂಥ 40 ಚೌಕ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಈಗ ಗ್ರಾಫ್ ಹಾಳೆಯಲ್ಲಿ 1 ಸೆಂ.ಮೀ.ಗೆ ಒಂದು ಸರಪಳಿ ಅಂತ ಇಟ್ಟುಕೊಳ್ಳಿ. ಹಾಳೆಯ ಒಂದೊಂದು ದೊಡ್ಡ ಮನೆಯೂ ಒಂದು ಗುಂಟೆ. ಈ ಲೆಕ್ಕ ರೈತರ ಮನೆಯ ಮಕ್ಕಳಿಗೆ ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ.

ಹೊಲಕ್ಕೆ ಗಡಿ ತೋರಿಸುವ ನಾಲ್ಕು ಬಾಂದುಕಲ್ಲು ಇವೆ ಅಂದುಕೊಳ್ಳಿ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ನೇರವಾಗಿ ಸರಪಳಿ ಎಳೆಯುತ್ತೇವೆ. ಅದು ಬೇಸ್ ಲೈನ್. ಉಳಿದ ಕಲ್ಲುಗಳಿಗೆ ಆ ಗೆರೆಯಿಂದ ಲಂಬವಾಗಿ ಅಳೆಯುತ್ತೇವೆ. ಅದು ಆಫ್‌ಸೆಟ್. ಗೆರೆಯ ಮೇಲೆ ಎಷ್ಟು ಸರಪಳಿ ನಡೆದ ಮೇಲೆ ತಿರುಗಿದೆವು, ತಿರುಗಿದ ಮೇಲೆ ಎಷ್ಟು ಸರಪಳಿ ಹೋದೆವು, ಎರಡನ್ನೂ ಟಿಪ್ಪಣಿಯಲ್ಲಿ ಬರೆಯುತ್ತೇವೆ. ಬೇಸ್ ಲೈನೇ ಎಕ್ಸ್-ಅಕ್ಷ, ಆಫ್‌ಸೆಟ್ಟೇ ವೈ. ಶಾಲೆಯ ಪಾಠವೂ ಹೊಲದ ಟಿಪ್ಪಣಿಯೂ ಇಲ್ಲಿ ಒಂದೇ ಕೆಲಸ ಮಾಡುತ್ತವೆ.

ನಮ್ಮ ಹೊಲದ ಕಲ್ಲುಗಳು ಹೀಗಿರಲಿ: ಎ(0, 0), ಬಿ(8, 0), ಸಿ(6, 5), ಡಿ(2, 4). ಗ್ರಾಫ್ ಹಾಳೆಯಲ್ಲಿ ಗುರುತಿಸಿ, ಸೇರಿಸಿ. ಸಿ ಮತ್ತು ಡಿ ಇಂದ ಕೆಳಗೆ ಎಕ್ಸ್-ಅಕ್ಷಕ್ಕೆ ಲಂಬ ಇಳಿಸಿ. ಹೊಲ ಮೂರು ತುಂಡಾಗುತ್ತದೆ. ಎಡಗಡೆ ತ್ರಿಭುಜ: 2 × 4 ÷ 2 = 4 ಗುಂಟೆ. ನಡುವೆ ತ್ರಾಪಿಜ್ಯ: ಅಗಲ 4, ಎರಡು ಎತ್ತರ 4 ಮತ್ತು 5, ಸರಾಸರಿ ನಾಲ್ಕೂವರೆ, ಅಂದರೆ 18 ಗುಂಟೆ. ಬಲಗಡೆ ತ್ರಿಭುಜ: 2 × 5 ÷ 2 = 5 ಗುಂಟೆ. ಒಟ್ಟು 27 ಗುಂಟೆ. ಯಾವ ಹೊಸ ಸೂತ್ರವೂ ಬೇಕಾಗಲಿಲ್ಲ. ನಾಲ್ಕು ಜೊತೆ ಸಂಖ್ಯೆಗಳಿಂದ ಇಡೀ ಹೊಲ ಕೈಗೆ ಬಂತು.

ದೂರ

ಈಗ ಡಿ ಕಲ್ಲಿನಿಂದ ಸಿ ಕಲ್ಲಿಗೆ ಬದುವಿನ ಉದ್ದ ಎಷ್ಟು? ಬದು ಓರೆಯಾಗಿದೆ. ಗ್ರಾಫ್ ಮನೆ ಎಣಿಸಿ ಹೇಳಲಾಗುವುದಿಲ್ಲ. ಆದರೆ ಡಿ ಇಂದ ಬಲಕ್ಕೆ ನಡೆದು, ಆಮೇಲೆ ಮೇಲಕ್ಕೆ ನಡೆದರೂ ಸಿ ಸಿಗುತ್ತದೆ. ಅಡ್ಡನಡೆ 6 − 2 = 4. ಮೇಲ್ನಡೆ 5 − 4 = 1. ಈ ಎರಡು ನಡೆಗಳ ನಡುವೆ ಲಂಬಕೋನ ಇದೆ. ಬದು ಆ ತ್ರಿಭುಜದ ವಿಕರ್ಣ. ಮುಂದಿನದು ಪೈಥಾಗೊರಸ್ ಪ್ರಮೇಯ: 16 + 1 = 17, ಹಾಗಾಗಿ ದೂರ √17 ಸರಪಳಿ. 17ರ ವರ್ಗಮೂಲ 4ಕ್ಕಿಂತ ಚೂರು ಜಾಸ್ತಿ, ಸುಮಾರು 4.12. ಅಡಿಯಲ್ಲಿ ಸುಮಾರು 136.

ದೂರ ಸೂತ್ರ ಅಂದರೆ ಇದೇ. ಎಕ್ಸ್‌ಗಳ ವ್ಯತ್ಯಾಸದ ವರ್ಗ, ವೈಗಳ ವ್ಯತ್ಯಾಸದ ವರ್ಗ, ಕೂಡಿಸಿ ವರ್ಗಮೂಲ. ಸೂತ್ರ ಮರೆತರೆ ಹೆದರಬೇಡಿ. ತ್ರಿಭುಜ ಬರೆಯಿರಿ, ಸೂತ್ರ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಅಕ್ಕನ ಮಗಳು ಒಮ್ಮೆ ಕೇಳಿದಳು, "ಮಾಮಾ, ಯಾವುದರಿಂದ ಯಾವುದನ್ನು ಕಳೀಬೇಕು? ಮೊದಲನೇದ್ರಿಂದ ಎರಡನೇದೋ, ಎರಡನೇದ್ರಿಂದ ಮೊದಲನೇದೋ?" ದೂರಕ್ಕೆ ಯಾವುದಾದರೂ ನಡೆಯುತ್ತದೆ, ವರ್ಗ ಮಾಡಿದಾಗ ಋಣ ಚಿಹ್ನೆ ಹೋಗುತ್ತದೆ. ಆದರೆ "ಮುಟ್ಟಬೇಕಾದದ್ದರಿಂದ ಹೊರಟದ್ದನ್ನು ಕಳೆ" ಅಂತ ಒಂದೇ ರೂಢಿ ಇಟ್ಟುಕೊಂಡರೆ ಮುಂದೆ ಇಳಿಜಾರಿಗೂ ಭಾಗಪ್ರಮಾಣಕ್ಕೂ ಅದೇ ಉಪಯೋಗಕ್ಕೆ ಬರುತ್ತದೆ.

ಇಡೀ ಪಾಠದಲ್ಲಿ ಅಂಕ ಕಳೆಯುವ ಜಾಗ ಒಂದಿದೆ. ಋಣ ಸಂಖ್ಯೆ ಬಂದಾಗಿನ ವ್ಯತ್ಯಾಸ. (−4, 1) ರಿಂದ (5, 7) ಕ್ಕೆ ಹೋಗಬೇಕು. ಅಡ್ಡನಡೆ ಎಷ್ಟು? ತುಂಬಾ ಮಕ್ಕಳು ಅವಸರದಲ್ಲಿ 1 ಅಂತ ಬರೆಯುತ್ತಾರೆ, ಐದರಲ್ಲಿ ನಾಲ್ಕು ಕಳೆದು. ಗ್ರಾಫ್ ಮೇಲೆ ಎಣಿಸಿ: ಎಡಗಡೆ 4ನೇ ಗೆರೆಯಿಂದ ಸೊನ್ನೆಗೆ ನಾಲ್ಕು ಹೆಜ್ಜೆ, ಸೊನ್ನೆಯಿಂದ ಬಲಕ್ಕೆ ಐದು ಹೆಜ್ಜೆ, ಒಟ್ಟು ಒಂಬತ್ತು. 5 − (−4) = 9. ಆವರಣ ಹಾಕದೆ 5 − −4 ಅಂತ ಬರೆಯುವ ಮಕ್ಕಳೇ ಹೆಚ್ಚಾಗಿ ಒಂದು ಚಿಹ್ನೆ ನುಂಗಿಬಿಡುತ್ತಾರೆ. ಋಣ ಸಂಖ್ಯೆ ಬಂತೆಂದರೆ ಆವರಣ ಹಾಕಲೇಬೇಕು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಈಗ ಅಕ್ಷದ ಮೇಲಿನ ಬಿಂದುವಿನ ಲೆಕ್ಕ. (2, 5) ಮತ್ತು (6, 3) ರಿಂದ ಸಮ ದೂರದಲ್ಲಿರುವ, ಎಕ್ಸ್-ಅಕ್ಷದ ಮೇಲಿನ ಬಿಂದು ಯಾವುದು? ಬಿಂದುವನ್ನು (ಎಕ್ಸ್, 0) ಅಂತ ಹಿಡಿಯಿರಿ. ಎರಡು ದೂರ ಸಮ ಅಂದರೆ ಅವುಗಳ ವರ್ಗವೂ ಸಮ. ಹಾಗಾಗಿ ವರ್ಗಮೂಲ ಬರೆಯುವ ಕಷ್ಟವೇ ಬೇಡ: (ಎಕ್ಸ್ − 2)² + 25 = (ಎಕ್ಸ್ − 6)² + 9. ಬಿಡಿಸಿದರೆ ಎಕ್ಸ್² ಎರಡೂ ಕಡೆ ಹೊಡೆದುಹೋಗುತ್ತದೆ. 29 − 4ಎಕ್ಸ್ = 45 − 12ಎಕ್ಸ್. 8ಎಕ್ಸ್ = 16, ಎಕ್ಸ್ = 2. ಬಿಂದು (2, 0). ತಾಳೆ ನೋಡಿ: ಮೊದಲ ಬಿಂದುವಿಗೆ ದೂರ 5. ಎರಡನೆಯದಕ್ಕೆ ಅಡ್ಡನಡೆ 4, ಮೇಲ್ನಡೆ 3, ದೂರ ಅದೂ 5. ಉತ್ತರ ಬಂದ ಮೇಲೆ ಈ ತಾಳೆ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಬಿಡಬೇಡಿ.

ಹಿಸ್ಸೆ ಮಾಡುವುದು

ಭಾಗಪ್ರಮಾಣ ಸೂತ್ರ ಅಂದರೆ ಮಕ್ಕಳ ಮುಖ ಬಾಡುತ್ತದೆ. ಎಮ್ ಒಂದು, ಎಮ್ ಎರಡು, ಎಕ್ಸ್ ಒಂದು, ಎಕ್ಸ್ ಎರಡು, ಯಾವುದನ್ನು ಯಾವುದಕ್ಕೆ ಗುಣಿಸಬೇಕು ಅನ್ನುವುದೇ ಗೊಂದಲ. ನಾನು ಹೊಲದಲ್ಲಿ ಹಿಸ್ಸೆ ಮಾಡುವ ಕ್ರಮದಲ್ಲೇ ಹೇಳಿಕೊಡುತ್ತೇನೆ.

ಡಿ(2, 4) ಇಂದ ಸಿ(6, 5) ವರೆಗಿನ ಬದುವನ್ನು 1:3 ಅನುಪಾತದಲ್ಲಿ ಭಾಗಿಸುವ ಜಾಗಕ್ಕೆ ಕಲ್ಲು ಹಾಕಬೇಕು. 1:3 ಅಂದರೆ ಮೂರನೇ ಒಂದು ಭಾಗವಲ್ಲ. ಒಟ್ಟು ನಾಲ್ಕು ಪಾಲು, ಡಿ ಕಡೆಗೆ ಒಂದು, ಸಿ ಕಡೆಗೆ ಮೂರು. ಹಾಗಾಗಿ ಡಿ ಇಂದ ದಾರಿಯ ಕಾಲು ಭಾಗ ನಡೆದರೆ ಸಾಕು. ಅಡ್ಡನಡೆ 4, ಅದರ ಕಾಲು 1. ಮೇಲ್ನಡೆ 1, ಅದರ ಕಾಲು 0.25. ಡಿ ಗೆ ಕೂಡಿಸಿ: (3, 4.25). ಸರಪಳಿಯಲ್ಲಿ ಹೇಳುವುದಾದರೆ ಬೇಸ್ ಲೈನ್ ಮೇಲೆ 3 ಸರಪಳಿ, ಆಫ್‌ಸೆಟ್ 4 ಸರಪಳಿ 4 ಆಣೆ. ಕಲ್ಲು ಹಾಕಬಹುದು.

ಇನ್ನೊಂದು. (−4, 1) ರಿಂದ (5, 7) ರೇಖಾಖಂಡವನ್ನು 2:1 ರಲ್ಲಿ ಭಾಗಿಸುವ ಬಿಂದು. ಒಟ್ಟು ಮೂರು ಪಾಲು, ಎರಡು ನಡೆಯಬೇಕು. ಅಡ್ಡನಡೆ 9, ಮೂರರಲ್ಲಿ ಎರಡು ಪಾಲು 6. ಮೇಲ್ನಡೆ 6, ಮೂರರಲ್ಲಿ ಎರಡು ಪಾಲು 4. −4 + 6 = 2, 1 + 4 = 5. ಬಿಂದು (2, 5). ಈಗ ಪುಸ್ತಕದ ಸೂತ್ರ ತೆಗೆದು ಅದರಲ್ಲೂ ಹಾಕಿ ನೋಡಿ. (2 × 5 + 1 × (−4)) ÷ 3 = 2, (2 × 7 + 1 × 1) ÷ 3 = 5. ಅದೇ ಉತ್ತರ. ಪರೀಕ್ಷೆಯಲ್ಲಿ ಪುಸ್ತಕದ ಸೂತ್ರ ಬರೆದು ಬಿಡಿಸಿ, ನಮ್ಮ ನಡಿಗೆಯಿಂದ ತಾಳೆ ನೋಡಿ. ಸೂತ್ರದಲ್ಲಿ ಎಮ್ ಒಂದು, ಅಂದರೆ ಅನುಪಾತದ ಮೊದಲ ಸಂಖ್ಯೆ, ಎರಡನೇ ಬಿಂದುವಿನ ಜೊತೆ ಗುಣಿಸಲ್ಪಡುತ್ತದೆ. ಹೆಚ್ಚು ನಡೆದಷ್ಟೂ ಎರಡನೇ ಬಿಂದುವಿಗೆ ಹತ್ತಿರವಾಗುತ್ತೇವೆ, ಅದಕ್ಕೇ ಅದರ ತೂಕ ಜಾಸ್ತಿ.

ಮಧ್ಯಬಿಂದುವಿಗೆ ಬೇರೆ ಸೂತ್ರ ಕಲಿಯುವ ಅಗತ್ಯವೇ ಇಲ್ಲ. ಅರ್ಧ ದಾರಿ ನಡೆಯುವುದು, ಅಷ್ಟೇ.

ಮೂರು ಕಲ್ಲು ಒಂದೇ ಗೆರೆಯಲ್ಲಿವೆಯೇ?

ಹದ್ದುಬಸ್ತು ಮಾಡುವಾಗ, ಅಂದರೆ ಹೊಲದ ಗಡಿ ಗುರುತಿಸುವಾಗ, ನಾವು ಪದೇ ಪದೇ ಕೇಳಿಕೊಳ್ಳುವ ಪ್ರಶ್ನೆ ಇದು. ಪಾಠದಲ್ಲಿ ಇದಕ್ಕೆ ಏಕರೇಖಾಗತ ಬಿಂದುಗಳು ಅಂತ ಹೆಸರು.

ಮೊದಲು ಸುಲಭದ್ದು. (1, 2), (3, 5), (7, 11). ಒಂದನೆಯದರಿಂದ ಎರಡನೆಯದಕ್ಕೆ ಅಡ್ಡ 2, ಮೇಲೆ 3. ಎರಡರಿಂದ ಮೂರಕ್ಕೆ ಅಡ್ಡ 4, ಮೇಲೆ 6. ಎರಡೂ ನಡೆ ಸರಿಯಾಗಿ ದುಪ್ಪಟ್ಟು ಆಗಿವೆ. ಅಂದರೆ ದಿಕ್ಕು ಬದಲಾಗಿಲ್ಲ. ಒಂದೇ ಗೆರೆ. ದೂರ ಸೂತ್ರದಲ್ಲಿ ನೋಡಿದರೂ √13, 2√13, ಒಟ್ಟು 3√13. ಮೊದಲಿನಿಂದ ಕೊನೆಗೆ ನೇರವಾಗಿ ಅಳೆದರೂ 3√13.

ಈಗ ಇದನ್ನು ನೋಡಿ: (1, 2), (4, 6), (9, 13). ಗ್ರಾಫ್ ಹಾಳೆಯಲ್ಲಿ ಗುರುತಿಸಿ ಸ್ಕೇಲ್ ಇಡಿ. ಒಂದೇ ಗೆರೆ ಅಂತಲೇ ಅನ್ನಿಸುತ್ತದೆ. ದೂರ ಲೆಕ್ಕ ಹಾಕಿ. ಮೊದಲ ತುಂಡು: ಅಡ್ಡ 3, ಮೇಲೆ 4, ದೂರ 5. ಎರಡನೇ ತುಂಡು: ಅಡ್ಡ 5, ಮೇಲೆ 7, ದೂರ √74, ಸುಮಾರು 8.60. ಕೂಡಿಸಿದರೆ 13.60. ನೇರ ದೂರ: ಅಡ್ಡ 8, ಮೇಲೆ 11, √185, ಅದೂ ಸುಮಾರು 13.60. ಎರಡೂ ಒಂದೇ ಬಂತಲ್ಲ, ಹಾಗಾದರೆ ಏಕರೇಖಾಗತ ಅಂತ ಬರೆದುಬಿಡಬಹುದೇ?

ಬರೆಯುವ ಹಾಗಿಲ್ಲ. ನಡೆಗಳನ್ನು ನೋಡಿ. ಮೊದಲ ತುಂಡಿನಲ್ಲಿ ಅಡ್ಡ 3ಕ್ಕೆ ಮೇಲೆ 4. ಎರಡನೆಯದರಲ್ಲಿ ಅಡ್ಡ 5ಕ್ಕೆ ಮೇಲೆ 7. ಅಡ್ಡಗುಣಾಕಾರ ಮಾಡಿ: 3 × 7 = 21, 4 × 5 = 20. ಸಮ ಇಲ್ಲ. ದಿಕ್ಕು ಚೂರೇ ಚೂರು ತಿರುಗಿದೆ. ದಶಮಾಂಶವನ್ನು ನಾಲ್ಕು ಸ್ಥಾನದವರೆಗೆ ತೆಗೆದರೆ 13.6023 ಮತ್ತು 13.6015, ಆಗ ವ್ಯತ್ಯಾಸ ಕಾಣುತ್ತದೆ. ಆ 21 ಮತ್ತು 20ರ ವ್ಯತ್ಯಾಸ 1. ಅದರ ಅರ್ಧ, ಅಂದರೆ 0.5, ಮೂರೂ ಬಿಂದು ಸೇರಿ ಮಾಡುವ ತ್ರಿಭುಜದ ವಿಸ್ತೀರ್ಣ. ಸರಪಳಿ ಲೆಕ್ಕದಲ್ಲಿ ಅರ್ಧ ಗುಂಟೆ, 544 ಚದರ ಅಡಿಗಿಂತ ತುಸು ಹೆಚ್ಚು. ಹಾಳೆಯ ಮೇಲೆ ಕಣ್ಣಿಗೆ ಕಾಣದ ವ್ಯತ್ಯಾಸ ನೆಲದ ಮೇಲೆ ಒಂದು ಸಣ್ಣ ಮನೆ ಕಟ್ಟುವಷ್ಟು ಜಾಗ. ಇಷ್ಟಕ್ಕೇ ಅಣ್ಣತಮ್ಮಂದಿರು ಮಾತು ಬಿಡುವುದನ್ನು ನಾನು ನೋಡಿದ್ದೇನೆ.

ಹಾಗಾಗಿ ಈ ಲೆಕ್ಕದಲ್ಲಿ ವರ್ಗಮೂಲವನ್ನು ದಶಮಾಂಶಕ್ಕೆ ಇಳಿಸಬೇಡಿ. √13, 2√13 ಅಂತ ಹಾಗೆಯೇ ಇಡಿ. ಚಿತ್ರವನ್ನು ದಾರಿ ತೋರಿಸಲು ಬಳಸಿ, ತೀರ್ಪು ಹೇಳಲು ಬೇಡ. ತೀರ್ಪು ಲೆಕ್ಕದಿಂದ ಬರಬೇಕು.

ಗೆರೆಯ ಓರೆ, ಗೆರೆಯ ಸಮೀಕರಣ

ಮೇಲ್ನಡೆಯನ್ನು ಅಡ್ಡನಡೆಯಿಂದ ಭಾಗಿಸಿದರೆ ಸಿಗುವುದು ಇಳಿಜಾರು. ಒಂದು ಹೆಜ್ಜೆ ಬಲಕ್ಕೆ ಇಟ್ಟರೆ ಎಷ್ಟು ಮೇಲೇರುತ್ತೇವೆ ಅನ್ನುವುದನ್ನು ಅದು ಹೇಳುತ್ತದೆ. ನಮ್ಮ ಹೊಲದಲ್ಲಿ ಎ ಇಂದ ಡಿ ಗೆ 4 ÷ 2 = 2, ಕಡಿದಾದ ಏರು. ಡಿ ಇಂದ ಸಿ ಗೆ 1/4, ಸ್ವಲ್ಪವೇ ಏರು. ಬಿ ಇಂದ ಸಿ ಗೆ ಅಡ್ಡನಡೆ −2, ಮೇಲ್ನಡೆ 5, ಇಳಿಜಾರು −5/2. ಋಣ ಬಂತು ಅಂದರೆ ಬಲಕ್ಕೆ ಹೋದಂತೆ ಗೆರೆ ಇಳಿಯುತ್ತದೆ ಅಂತ ಅರ್ಥ. ಇಳಿಜಾರು ವಿವರವಾಗಿ ಬರುವುದು ಪಿಯುಸಿ ಮೊದಲ ವರ್ಷದ ಸರಳರೇಖೆಗಳ ಪಾಠದಲ್ಲಿ. ಆದರೆ ಹತ್ತನೇ ತರಗತಿಯಲ್ಲೇ ಗೊತ್ತಿದ್ದರೆ ಗೆರೆ ಎಳೆಯುವಾಗ ತಪ್ಪು ಹಿಡಿಯಲು ತುಂಬಾ ಸಹಾಯ.

ಸಮೀಕರಣದಿಂದ ಗೆರೆ ಎಳೆಯುವುದು ಹೇಗೆ? 2ಎಕ್ಸ್ + 3ವೈ = 12 ತೆಗೆದುಕೊಳ್ಳಿ. ಎಕ್ಸ್ 0 ಆದರೆ ವೈ 4. ವೈ 0 ಆದರೆ ಎಕ್ಸ್ 6. ಬಿಂದುಗಳು (0, 4) ಮತ್ತು (6, 0). ಎರಡು ಬಿಂದು ಸಿಕ್ಕಿತು, ಗೆರೆ ಎಳೆದುಬಿಡೋಣ ಅನ್ನಿಸುತ್ತದೆ. ತಾಳಿ, ಮೂರನೆಯದೂ ಬೇಕು. ಎರಡು ಬಿಂದುಗಳಲ್ಲಿ ಒಂದು ತಪ್ಪಿದ್ದರೂ ಸ್ಕೇಲ್ ಇಟ್ಟರೆ ಗೆರೆ ಬಂದೇ ಬರುತ್ತದೆ. ಮೂರನೇ ಬಿಂದು ಮಾತ್ರ ತಪ್ಪನ್ನು ಹೊರಗೆ ಹಾಕುತ್ತದೆ. ಎಕ್ಸ್ 3 ಆದರೆ ವೈ 2, ಬಿಂದು (3, 2). ಮೂರೂ ಒಂದೇ ಗೆರೆಯ ಮೇಲೆ ಕೂತವು. ಅಡ್ಡ 3, ಕೆಳಗೆ 2, ಮತ್ತೆ ಅಡ್ಡ 3, ಕೆಳಗೆ 2. ಇಳಿಜಾರು −2/3.

ಎಕ್ಸ್ = 4 ಅನ್ನುವ ಗೆರೆ ಯಾವುದು ಅಂತ ಕೇಳಿದರೆ ಎಕ್ಸ್-ಅಕ್ಷದ ಹಾಗೆ ಅಡ್ಡ ಗೆರೆ ಎಳೆಯುವ ಮಕ್ಕಳು ಬಹಳ. ಎಕ್ಸ್ 4 ಇರುವ ಬಿಂದುಗಳನ್ನು ಬರೆಯಲು ಹೇಳಿ: (4, 0), (4, 1), (4, −3). ಗುರುತಿಸಿದರೆ ನೆಟ್ಟಗೆ ನಿಂತ ಗೆರೆ ಕಾಣುತ್ತದೆ. ಅದರಲ್ಲಿ ಅಡ್ಡನಡೆಯೇ ಇಲ್ಲ. ಸೊನ್ನೆಯಿಂದ ಭಾಗಿಸಲಾಗದು, ಹಾಗಾಗಿ ಅದಕ್ಕೆ ಇಳಿಜಾರು ಹೇಳುವುದಿಲ್ಲ.

ನಕ್ಷೆ ವಿಧಾನದಿಂದ ಬಿಡಿಸಿ ಅನ್ನುವ ಪ್ರಶ್ನೆಗೂ ಇದೇ ಕೆಲಸ. ಎಕ್ಸ್ + ವೈ = 7, 2ಎಕ್ಸ್ − ವೈ = 2. ಮೊದಲನೆಯದಕ್ಕೆ (0, 7), (7, 0), (5, 2). ಎರಡನೆಯದಕ್ಕೆ (0, −2), (1, 0), (2, 2). ಎರಡೂ ಗೆರೆ (3, 4) ರಲ್ಲಿ ಸೇರುತ್ತವೆ. ಸಮೀಕರಣಕ್ಕೆ ಹಾಕಿ ನೋಡಿ: 3 + 4 = 7, 6 − 4 = 2. ಸರಿ. ಹಾಳೆಯ ಮೇಲೆ ಪ್ರಮಾಣ ಬರೆಯುವುದು, ಅಕ್ಷಗಳಿಗೆ ಹೆಸರು ಕೊಡುವುದು, ಪ್ರತಿ ಗೆರೆಯ ಪಕ್ಕ ಅದರ ಸಮೀಕರಣ ಬರೆಯುವುದು, ಇವನ್ನು ಮರೆತು ಅಂಕ ಕಳೆದುಕೊಳ್ಳಬೇಡಿ. ಪೆನ್ಸಿಲ್ ಮೊಂಡಾಗಿದ್ದರೆ ಸೇರುವ ಬಿಂದು ದಪ್ಪ ಮಸಿಯಾಗಿ ಕಾಣುತ್ತದೆ, ಓದಲು ಆಗುವುದಿಲ್ಲ.

ಆಕೃತಿ ಗುರುತಿಸುವ ಲೆಕ್ಕಗಳು

ನಾಲ್ಕು ಬಿಂದು ಕೊಟ್ಟು "ಇದು ಚೌಕವೇ?" ಅಂತ ಕೇಳುತ್ತಾರೆ. (1, 1), (4, 2), (3, 5), (0, 4). ನಡೆಗಳನ್ನು ಬರೆಯಿರಿ: (3, 1), (−1, 3), (−3, −1), (1, −3). ನಾಲ್ಕು ಬಾಹುವೂ √10. ಇಲ್ಲಿಗೇ ನಿಲ್ಲಿಸಿದರೆ ಅದು ವಜ್ರಾಕೃತಿಯೂ ಆಗಬಹುದು. ಕರ್ಣಗಳನ್ನೂ ನೋಡಲೇಬೇಕು. ಒಂದು ಕರ್ಣದ ನಡೆ (2, 4), ಇನ್ನೊಂದರದು (−4, 2), ಎರಡೂ √20. ಈಗ ಚೌಕ ಅನ್ನಬಹುದು. ನಡೆಗಳಲ್ಲಿ ಇನ್ನೊಂದು ಚಂದ ಇದೆ, ಗಮನಿಸಿ. (3, 1) ಆದ ಮೇಲೆ (−1, 3). ಸಂಖ್ಯೆಗಳು ಜಾಗ ಬದಲಿಸಿಕೊಂಡವು, ಒಂದರ ಚಿಹ್ನೆ ಬದಲಾಯಿತು. ಹೀಗಾದರೆ ಎರಡು ಗೆರೆ ಲಂಬ. ಗ್ರಾಫ್ ಹಾಳೆಯನ್ನು ಕಾಲು ಸುತ್ತು ತಿರುಗಿಸಿ ನೋಡಿ, ಯಾಕೆ ಅಂತ ತಿಳಿಯುತ್ತದೆ: ಅಡ್ಡ ಇದ್ದದ್ದು ಮೇಲಾಯಿತು, ಮೇಲಿದ್ದದ್ದು ಅಡ್ಡವಾಯಿತು.

ಸಮಾಂತರ ಚತುರ್ಭುಜದ ನಾಲ್ಕನೇ ಶೃಂಗ ಹುಡುಕುವುದಂತೂ ಒಂದೇ ಸಾಲಿನ ಕೆಲಸ. ಎ(1, 2), ಬಿ(5, 3), ಸಿ(7, 6). ಬಿ ಇಂದ ಸಿ ಗೆ ಅಡ್ಡ 2, ಮೇಲೆ 3. ಎ ಇಂದಲೂ ಅಷ್ಟೇ ನಡೆದರೆ ಡಿ(3, 5). ಕರ್ಣಗಳ ಮಧ್ಯಬಿಂದು ಎರಡೂ (4, 4), ತಾಳೆಯಾಯಿತು.

ಮೂಲಬಿಂದು ಎಲ್ಲಿರಬೇಕು?

ಇದನ್ನು ಶಾಲೆಯಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕು. ಈಗ ನಾವು ರೋವರ್ ಅನ್ನುವ ಅಳತೆಯ ಉಪಕರಣ ಹಿಡಿದು ಉಪಗ್ರಹಗಳ ನೆರವಿನಿಂದ ಬಾಂದು ಗುರುತಿಸುತ್ತೇವೆ. ಅದು ಈಸ್ಟಿಂಗ್ (ಪೂರ್ವಕ್ಕೆ ಎಷ್ಟು), ನಾರ್ತಿಂಗ್ (ಉತ್ತರಕ್ಕೆ ಎಷ್ಟು) ಅಂತ ಎರಡು ಸಂಖ್ಯೆ ಕೊಡುತ್ತದೆ. ಅವೇ ಎಕ್ಸ್ ಮತ್ತು ವೈ. ಯುಟಿಎಂ ಅನ್ನುವುದು ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ನಕ್ಷೆ ಮಾಡುವ ಪದ್ಧತಿ; ಹಾವೇರಿ ಬರುವ ಅದರ 43ನೇ ವಲಯದಲ್ಲಿ ನಡುಗೆರೆ 75 ಡಿಗ್ರಿ ಪೂರ್ವ ರೇಖಾಂಶ. ಆ ಗೆರೆಗೆ 0 ಅಂತ ಕೊಡದೆ 5,00,000 ಮೀಟರ್ ಅಂತ ಕೊಟ್ಟಿದ್ದಾರೆ. ಯಾಕೆ? ಗೆರೆಯ ಎಡಗಡೆಯ ಊರುಗಳಿಗೂ ಋಣ ಸಂಖ್ಯೆ ಬರಬಾರದು ಅಂತ. ಹಾವೇರಿ ಆ ಗೆರೆಯ ಪೂರ್ವಕ್ಕಿದೆ, ಹಾಗಾಗಿ ಇಲ್ಲಿನ ಈಸ್ಟಿಂಗ್ 5 ಲಕ್ಷ 40 ಸಾವಿರದ ಆಸುಪಾಸು. ನಾರ್ತಿಂಗ್ ಭೂಮಧ್ಯರೇಖೆಯಿಂದ ಶುರು, ಇಲ್ಲಿ 16 ಲಕ್ಷ ಮೀಟರ್ ದಾಟಿರುತ್ತದೆ.

ಇಷ್ಟು ದೊಡ್ಡ ಸಂಖ್ಯೆ ಬಂದರೂ ಎರಡು ಕಲ್ಲಿನ ನಡುವಿನ ಅಡ್ಡನಡೆ, ಮೇಲ್ನಡೆ ಬದಲಾಗುವುದಿಲ್ಲ. ನಮ್ಮ ಹೊಲದ ನಾಲ್ಕೂ ಕಲ್ಲಿಗೆ ಎಕ್ಸ್‌ಗೆ 100, ವೈಗೆ 50 ಕೂಡಿಸಿ ನೋಡಿ. ಡಿ(102, 54), ಸಿ(106, 55). ನಡೆ ಮತ್ತೆ 4 ಮತ್ತು 1, ದೂರ ಮತ್ತೆ √17. ಮೂಲಬಿಂದುವನ್ನು ಎಲ್ಲಿ ಬೇಕಾದರೂ ಇಡಬಹುದು. ಸಂಖ್ಯೆ ದೊಡ್ಡದಾಗಿ ಕೊಟ್ಟರೆ ಹೆದರದೆ ಮೊದಲು ವ್ಯತ್ಯಾಸ ತೆಗೆಯಿರಿ.

ಶಾಲೆಯ ಮೈದಾನದಲ್ಲಿ ಮಾಡಿ ನೋಡಿ

ಒಂದು ಟೇಪು, ಇಬ್ಬರು ಗೆಳೆಯರು ಸಾಕು. ಕಾಂಪೌಂಡ್ ಗೋಡೆಯನ್ನು ಎಕ್ಸ್-ಅಕ್ಷ ಮಾಡಿಕೊಳ್ಳಿ, ಅದರ ಮೂಲೆಯೇ ಮೂಲಬಿಂದು. ಬೇವಿನ ಮರಕ್ಕೆ ಎದುರಾಗಿ ಗೋಡೆಯ ಮೇಲಿನ ಜಾಗ ಹುಡುಕಿ. ಅಲ್ಲಿಂದ ಗೋಡೆಗೆ ಲಂಬವಾಗಿ ಮರಕ್ಕೆ ಅಳೆಯಿರಿ. ಲಂಬ ಸರಿ ಇದೆಯೇ ಅಂತ ನೋಡಲು ನಮ್ಮ ಗೌಂಡಿಗಳು ಪಾಯ ಹಾಕುವಾಗ ಮಾಡುವ ಹಾಗೆ 3-4-5 ಹಿಡಿಯಿರಿ: ಗೋಡೆಯ ಉದ್ದಕ್ಕೆ 3 ಅಡಿ, ಟೇಪಿನ ಉದ್ದಕ್ಕೆ 4 ಅಡಿ, ಎರಡು ತುದಿಗಳ ನಡುವೆ ಸರಿಯಾಗಿ 5 ಅಡಿ ಇರಬೇಕು. ಧ್ವಜಕಂಬಕ್ಕೂ ಹೀಗೇ ಮಾಡಿ. ಮರ (12, 5) ಮೀಟರ್, ಕಂಬ (20, 20) ಮೀಟರ್ ಬಂತು ಅಂದುಕೊಳ್ಳಿ. ಅಡ್ಡ 8, ಮೇಲೆ 15, ದೂರ 17 ಮೀಟರ್. ಈಗ ಮರದಿಂದ ಕಂಬಕ್ಕೆ ನೇರ ಟೇಪು ಎಳೆದು ನೋಡಿ. ನಿಮ್ಮ ಅಳತೆಯೂ ಲೆಕ್ಕವೂ ಒಂದು ಗೇಣಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸೂತ್ರವನ್ನು ಅನುಮಾನಿಸಬೇಡಿ, ಲಂಬವನ್ನು ಮತ್ತೆ ನೋಡಿ. ಹೆಚ್ಚಾಗಿ ಟೇಪು ಅಲ್ಲೇ ಓರೆಯಾಗಿರುತ್ತದೆ.

ಮನೆಗೆ ಬಂದ ಮೇಲೆ ಮೈದಾನದ ನಾಲ್ಕು ಮೂಲೆಗಳನ್ನೂ ಗ್ರಾಫ್ ಹಾಳೆಗೆ ಇಳಿಸಿ. ಲಂಬ ಇಳಿಸಿ ತುಂಡು ಮಾಡಿ, ವಿಸ್ತೀರ್ಣ ತೆಗೆಯಿರಿ. ಚದರ ಮೀಟರ್‌ನಲ್ಲಿ ಬಂದದ್ದನ್ನು 10.764 ರಿಂದ ಗುಣಿಸಿದರೆ ಚದರ ಅಡಿ, ಅದನ್ನು 1,089 ರಿಂದ ಭಾಗಿಸಿದರೆ ಗುಂಟೆ. ಮುಖ್ಯೋಪಾಧ್ಯಾಯರ ಹತ್ತಿರ ಶಾಲೆಯ ಜಾಗದ ದಾಖಲೆ ಇದ್ದರೆ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.